ಮಹಾವೀರಾಚಾರ್ಯರ ಶುಂಠಿಯ ಲೆಕ್ಕ

ಗುಣಿಸಿದರೆ ಉತ್ತರ ಕಿರಿದಾಗುವುದೇಕೆ? ಭಿನ್ನರಾಶಿಯ ಮನೆಲೆಕ್ಕಕ್ಕೆ ಕುಳಿತ ಕಾರ್ಕಳದ ಮಗುವಿನ ಈ ಸಂದೇಹಕ್ಕೆ 9ನೆಯ ಶತಮಾನದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಉತ್ತರವಿದೆ. ಕರ್ತೃ, ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು. ಒಂದು ಪಲ ಒಣಶುಂಠಿಗೆ 4/9 ಪಣವಾದರೆ 3/8 ಪಲಕ್ಕೆಷ್ಟು? ಕೈಯಲ್ಲಿರುವುದು ಪಲದ ಒಂದು ಭಾಗವಷ್ಟೆ. ಬೆಲೆಯೂ 4/9ರ ಒಂದು ಭಾಗವೇ ಆಗಬೇಕು. ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸುವ ಮುನ್ನ ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಓರೆಯಾಗಿ ಸಂಕ್ಷೇಪಿಸುವ ವಿಧಿಗೆ ಆಚಾರ್ಯರಿತ್ತ ಹೆಸರು ವಜ್ರಾಪವರ್ತನ. 4, 8ನ್ನು 4ರಿಂದಲೂ 3, 9ನ್ನು 3ರಿಂದಲೂ ಭಾಗಿಸಿದರೆ ಉಳಿಯುವುದು 1/6 ಪಣ. ಮಕ್ಕಳು ಇಂದು ಸುಮ್ಮನೆ ‘ಹೊಡೆದುಹಾಕುವ’ ಅಂಕಿಗಳ ಹಿಂದೆ ಇಷ್ಟು ವಿಚಾರವಿದೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಈ ಗ್ರಂಥವನ್ನು ಪ್ರಕಟಿಸಿದಾಗ ಬಳಸಿದ ಪ್ರತಿಗಳಲ್ಲೊಂದು, ಕಾರ್ಕಳದ ನೆರೆಯ ಮೂಡಬಿದಿರೆಯ ಜೈನಮಠದ ತಾಳೆಗರಿಯಿಂದ ನಕಲಿಳಿಸಿಕೊಂಡದ್ದು.