ಧ್ವನಿ ಎಲ್ಲಿ ನಿಂತಿತು?



ಕಂಪ್ಯೂಟರಿನ ಪರದೆಯ ಮೇಲೆ ಉಪನ್ಯಾಸಕರ ತುಟಿಗಳು ಅಲುಗುತ್ತಿವೆ. ಕಿವಿಗೆ ಮಾತ್ರ ಏನೂ ಕೇಳಿಸುತ್ತಿಲ್ಲ. ಇಂಥ ಅನುಭವ ನಿಮ್ಮಲ್ಲಿ ಅನೇಕರಿಗೆ ಆಗಿರಬೇಕು. ಚಿತ್ರ ಕೆಟ್ಟರೆ ಗೆರೆಯೋ ಚುಕ್ಕೆಯೋ ಕಾಣಿಸಿ, ದೋಷದ ಸುಳಿವು ಸಿಗುತ್ತದೆ. ಧ್ವನಿ ಕೆಟ್ಟರೆ ಉಳಿಯುವುದು ಮೌನ ಮಾತ್ರ. ಕಾರಣ ಹತ್ತಿರಬಹುದು, ಹತ್ತಕ್ಕೂ ಮೌನ ಒಂದೇ.

2020ರಲ್ಲಿ ಕೊರೋನಾ ಕಾರಣದಿಂದ ಕಾಲೇಜುಗಳು ಮುಚ್ಚಿದ್ದವು. ನಮ್ಮ ಬೀದಿಯ ದರ್ಜಿಯೊಬ್ಬರು ಕೈಸಾಲ ಮಾಡಿ, ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಮಗಳಿಗಾಗಿ ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದರು. ಸ್ವಲ್ಪ ದಿನಕ್ಕೆ ಅದರ ಮಾನಿಟರ್ ಕೆಟ್ಟು, ಬೇರೊಂದನ್ನು ಜೋಡಿಸಿದರು. ಅಂದಿನಿಂದ ಧ್ವನಿ ನಿಂತುಹೋಯಿತು. ರಿಪೇರಿ ಅಂಗಡಿಯವರು ಮದರ್‌ಬೋರ್ಡೇ ಬದಲಾಗಬೇಕೆಂದರು. ಅದಕ್ಕೆ ಮತ್ತೆ ಸಾಲ ಮಾಡಬೇಕಿತ್ತು. ಹನ್ನೆರಡು ದಿನ ಆ ಹುಡುಗಿ ಹಲಗೆಯ ಮೇಲೆ ಕಂಡದ್ದನ್ನಷ್ಟೇ ಬರೆದುಕೊಂಡು ಕುಳಿತಿದ್ದಳು. "ನೀವು ಟಿ.ವಿ.ಯವರು ಸಾರ್, ಒಂದು ಸಲ ಬಂದು ನೋಡಿ" ಎಂದು ಅವಳ ತಂದೆ ಕರೆದರು. ಹೋದ ನಾನೂ ಮೊದಲ ಅರ್ಧ ಗಂಟೆ ತಪ್ಪು ಜಾಗದಲ್ಲೇ ಹುಡುಕಿದೆ. ಅದರ ವಿವರ ಕಡೆಗೆ ಹೇಳುತ್ತೇನೆ.

ದೂರದ ಊರಿನ ಧ್ವನಿ ನಮ್ಮ ಕಿವಿಗೆ ತಲುಪುವ ಹಾದಿಯಲ್ಲಿ ಹಲವು ಕೊಂಡಿಗಳಿವೆ. ಒಂದೊಂದು ಕೊಂಡಿಯೂ ಒಂದೊಂದು ಕಾಲದಲ್ಲಿ, ಆಗಿನ ಒಂದು ತೊಂದರೆಗೆ ಪರಿಹಾರವಾಗಿ ಸೇರಿದ್ದು. ಆದ್ದರಿಂದ ಈ ಹಾದಿಯ ಇತಿಹಾಸ ಬಲ್ಲವರಿಗೆ, ಧ್ವನಿ ನಿಂತ ಜಾಗವನ್ನು ಹುಡುಕುವ ಕ್ರಮವೂ ತಾನಾಗಿ ಒದಗುತ್ತದೆ.

ಕಾಯಲಾರದ ಮಾತು

ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್. ಅಮೆರಿಕದ ಸಂಶೋಧನಾ ಕೇಂದ್ರಗಳನ್ನು ಕೂಡಿಸಿದ್ದ ಈ ಜಾಲದಲ್ಲಿ 1974ರ ಆಗಸ್ಟ್‌ನಲ್ಲಿ ಮನುಷ್ಯರ ಮಾತು ಹರಿಯಿತು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಗೂ ಮ್ಯಾಸಚೂಸೆಟ್ಸ್‌ನ ಲಿಂಕನ್ ಪ್ರಯೋಗಾಲಯಕ್ಕೂ ನಡುವೆ ನಡೆದ ಈ ಪ್ರಯೋಗದ ಮುಂಚೂಣಿಯಲ್ಲಿದ್ದವರು ಡ್ಯಾನಿ ಕೋಹೆನ್.

ಈ ಜಾಲದಲ್ಲಿ ಮಾಹಿತಿ ಸಾಗುವುದು ಚಿಕ್ಕಚಿಕ್ಕ ಪೊಟ್ಟಣಗಳಾಗಿ. ದಾರಿಯಲ್ಲಿ ಒಂದು ಪೊಟ್ಟಣ ಕಳೆದರೆ, ಮತ್ತೆ ಕಳುಹಿಸುವಂತೆ ಕೇಳಿ ಅದಕ್ಕಾಗಿ ಕಾಯಬಹುದು. ಪತ್ರಕ್ಕೆ ಈ ಕ್ರಮ ಒಳ್ಳೆಯದು. ಮಾತಿಗೆ ಮಾತ್ರ ಇದು ಒಗ್ಗದು. ಒಂದು ಅಕ್ಷರ ಬಿಟ್ಟುಹೋದರೂ ಮಾತು ಅರ್ಥವಾಗುತ್ತದೆ. ಅದಕ್ಕಾಗಿ ಕಾಯುತ್ತ ಕುಳಿತರೆ ಮುಂದಿನ ಮಾತೆಲ್ಲ ನಿಲ್ಲುತ್ತದೆ. ಆದ್ದರಿಂದ ಕಳೆದದ್ದನ್ನು ಬಿಟ್ಟು ಮುಂದೆ ಸಾಗುವ ಹಗುರವಾದ ನಿಯಮಾವಳಿಯೊಂದು ಬೇಕಾಯಿತು. ಯುಡಿಪಿ ಎಂಬ ಆ ನಿಯಮಾವಳಿ 1980ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಮುಂದೆ ಅನೇಕ ಕಚೇರಿ, ಕಾಲೇಜುಗಳ ಫೈರ್‌ವಾಲ್‌ಗಳು ಯುಡಿಪಿ ಪೊಟ್ಟಣಗಳನ್ನು ಒಳಗೆ ಬಿಡದೆ ತಡೆದವು. ಹೊರಗೆ ಕೇಳಿಸುವ ಧ್ವನಿ ಕಾಲೇಜಿನೊಳಗೆ ಕೇಳಿಸದೆ ಹೋಗಲು ಇದೂ ಒಂದು ಕಾರಣವಾಯಿತು.

ತೊಂಬತ್ತೆಂಟು ಪಾಲು

ಎರಡನೆಯ ತೊಂದರೆ ಕೇವಲ ಲೆಕ್ಕದ್ದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್‌ನಲ್ಲಿ ಧ್ವನಿತರಂಗವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ 14,11,200 ಬಿಟ್. 1990ರ ದಶಕದ ಆರಂಭದ ಮೋಡೆಮ್ ಟೆಲಿಫೋನ್ ತಂತಿಯಲ್ಲಿ ಸಾಗಿಸುತ್ತಿದ್ದುದು ಸೆಕೆಂಡಿಗೆ 14,400 ಬಿಟ್. ಭಾಗಿಸಿ ನೋಡಿ, ಸರಿಯಾಗಿ 98 ಬರುತ್ತದೆ. ಮೂರು ನಿಮಿಷದ ಹಾಡು ಬಂದು ಸೇರಲು ಹೆಚ್ಚುಕಡಿಮೆ ಐದು ಗಂಟೆ!

ಜರ್ಮನಿಯ ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರವನ್ನು ಕಂಡದ್ದು ನಮ್ಮ ಕಿವಿಯಲ್ಲೇ. ಜಾತ್ರೆಯಲ್ಲಿ ತಮಟೆ ಬಡಿಯುತ್ತಿರುವಾಗ ಪಕ್ಕದವರ ಪಿಸುಮಾತು ಕೇಳಿಸದು. ಹೀಗೆ ಜೋರಿನ ಶಬ್ದದ ಮರೆಯಲ್ಲಿ ಅಡಗಿಹೋಗುವುದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳುಹಿಸಿದರಾಯಿತು. ಈ ತತ್ತ್ವದಿಂದ ಹುಟ್ಟಿದ ಕ್ರಮಕ್ಕೆ 1995ರ ಜುಲೈನಲ್ಲಿ ಎಂಪಿ3 ಎಂಬ ಫೈಲ್ ಹೆಸರು ಗೊತ್ತಾಯಿತು. ಸೆಕೆಂಡಿಗೆ 1,28,000 ಬಿಟ್‌ನ ಎಂಪಿ3 ಹಾಡು, ಮೂಲದ ಸುಮಾರು ಹನ್ನೊಂದನೆಯ ಒಂದು ಭಾಗದಷ್ಟೇ ಇರುತ್ತದೆ.

ಅದೇ 1995ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಯಾಟಲ್‌ನ ರಾಬ್ ಗ್ಲೇಸರ್ ಅವರ ಕಂಪನಿ ರಿಯಲ್‌ಆಡಿಯೋ ಎಂಬ ತಂತ್ರಾಂಶವನ್ನು ಹೊರತಂದಿತು. ಧ್ವನಿಯನ್ನು ಬಹಳವಾಗಿ ಕುಗ್ಗಿಸಿ, ಸಾಮಾನ್ಯ ಮೋಡೆಮ್‌ನಲ್ಲೂ ಬರುತ್ತಿದ್ದಂತೆಯೇ ಕೇಳುವ ಹಾಗೆ ಮಾಡಿತ್ತು. ಸೆಪ್ಟೆಂಬರ್ 5ರಂದು ಸಿಯಾಟಲ್ ಮತ್ತು ನ್ಯೂಯಾರ್ಕ್ ತಂಡಗಳ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಇದರ ಮೂಲಕ ನೇರವಾಗಿ ಪ್ರಸಾರವಾಯಿತು. ಇದರ ಗುಟ್ಟು ನಮ್ಮ ಮನೆಗಳ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನಲ್ಲಿದೆ. ಬೀದಿಯ ನಲ್ಲಿಯಲ್ಲಿ ನೀರು ಬಂದುಹೋಗಿ ಮಾಡಿದರೂ, ಟ್ಯಾಂಕ್ ತುಂಬಿದ್ದರೆ ಮನೆಯೊಳಗೆ ಧಾರೆ ನಿಲ್ಲದು. ಹಾಗೆಯೇ ಮೊದಲ ಕೆಲವು ಸೆಕೆಂಡುಗಳ ಧ್ವನಿಯನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸತೊಡಗುವುದಕ್ಕೆ ಬಫರಿಂಗ್ ಎಂದು ಹೆಸರು.

ಭಾರತದಲ್ಲಿ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು, ಈ ಟ್ಯಾಂಕ್ ತುಂಬುವುದನ್ನೇ ಕಾಯುತ್ತ ಕುಳಿತ ನೆನಪು ನನಗಿದೆ. ಧ್ವನಿ ತುಂಡುತುಂಡಾಗಿ ಬಂದರೆ ಟ್ಯಾಂಕ್ ಬರಿದಾಗುತ್ತಿದೆ, ಅಂದರೆ ದೋಷ ಜಾಲದ ಕಡೆಗಿದೆ ಎಂದು ಮೊದಲು ಅನುಮಾನಿಸಬೇಕು. ಕೊಂಚವೂ ಧ್ವನಿ ಇಲ್ಲದೆ ಚಿತ್ರ ಮಾತ್ರ ಸಲೀಸಾಗಿ ಓಡುತ್ತಿದ್ದರೆ, ಜಾಲವನ್ನು ಬಿಟ್ಟು ನಮ್ಮ ಕಂಪ್ಯೂಟರಿನ ಕಡೆ ತಿರುಗಬೇಕು.

ಪೆಟ್ಟಿಗೆಯ ಒಳಗೆ

1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ 'ಬೀಪ್' ಎನ್ನಲು ಒಂದು ಪುಟ್ಟ ಸ್ಪೀಕರ್ ಇತ್ತು, ಅಷ್ಟೆ. ಅದಕ್ಕೆ ನಿಜವಾದ ಬಾಯಿ ಬಂದದ್ದು ಪ್ರತ್ಯೇಕವಾಗಿ ಕೊಂಡು ಕೂರಿಸುವ ಸೌಂಡ್ ಕಾರ್ಡ್‌ಗಳಿಂದ. 1987ರಲ್ಲಿ ಕೆನಡಾದ ಆಡ್‌ಲಿಬ್, 1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದವು. ಈ ಕಾರ್ಡು ಕಂಪ್ಯೂಟರಿನ ಮಿದುಳನ್ನು ಕರೆಯಲು ಅದಕ್ಕೊಂದು ಕರೆಗಂಟೆಯ ಸಾಲು ಬೇಕು. ಬೇರೆ ಕಾರ್ಡೂ ಅದೇ ಸಾಲಿನಲ್ಲಿದ್ದರೆ ಒಂದು ಮೂಕವಾಗುತ್ತಿತ್ತು. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಈ ಹಂಚಿಕೆಯನ್ನು ತಾನೇ ಮಾಡಲು ತೊಡಗಿತು. ಕಾರ್ಡಿಗೂ ವಿಂಡೋಸ್‌ಗೂ ನಡುವಿನ ದುಭಾಷಿಯಾದ 'ಡ್ರೈವರ್' ಎಂಬ ಪುಟ್ಟ ತಂತ್ರಾಂಶ ಸರಿಯಾಗಿರಬೇಕಾದ ಅಗತ್ಯ ಮಾತ್ರ ಇಂದಿಗೂ ಹೋಗಿಲ್ಲ.

ಆ ದಶಕದ ಕೊನೆಗೆ ಧ್ವನಿಯ ವ್ಯವಸ್ಥೆ ಮದರ್‌ಬೋರ್ಡಿನೊಳಗೇ ಸೇರಿತು. ಹಿಂಬದಿಯ ಒಂದೇ ಆಕಾರದ ತೂತುಗಳಲ್ಲಿ ಜನ ಗೊಂದಲಗೊಳ್ಳುತ್ತಿದ್ದುದರಿಂದ, ಮೈಕ್ರೋಸಾಫ್ಟ್ ಮತ್ತು ಇಂಟೆಲ್‌ನ 'ಪಿಸಿ 99' ಮಾರ್ಗಸೂಚಿ ಬಣ್ಣಗಳನ್ನು ಗೊತ್ತುಮಾಡಿತು. ಸ್ಪೀಕರಿಗೆ ತಿಳಿಹಸಿರು, ಮೈಕಿಗೆ ಗುಲಾಬಿ. ಗುಲಾಬಿಗೆ ಸಿಕ್ಕಿಸಿದ ಸ್ಪೀಕರ್ ಎಷ್ಟು ಹೊತ್ತು ಕಾದರೂ ಮಾತನಾಡದು.

ಸ್ವಿಚ್ಚುಗಳು ಹೆಚ್ಚಿದ ಕಾಲ

ಆಮೇಲೆ ಬಂದ ಕೊಂಡಿಗಳು ಕಣ್ಣಿಗೆ ಕಾಣದವು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾ ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ವಾಲ್ಯೂಮ್ ಕೊಟ್ಟಿತು. ಹೀಗಾಗಿ ಹಾಡು ಕೇಳಿಸುತ್ತಿದ್ದು, ಬ್ರೌಸರ್ ಮಾತ್ರ ಮೌನವಾಗಿರಬಹುದು. ವೆಬ್ ಪುಟಗಳಲ್ಲಿ ಧ್ವನಿ ನುಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಬದಲಿಗೆ, 2014ರಲ್ಲಿ ಅಧಿಕೃತವಾದ ಎಚ್‌ಟಿಎಂಎಲ್5 ಆ ಕೆಲಸವನ್ನು ಬ್ರೌಸರಿಗೇ ಒಪ್ಪಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತಿತು. ಅದನ್ನೇ ನೆಚ್ಚಿದ್ದ ಹಳೆಯ ಪುಟಗಳು ಮೂಕವಾದವು. ತೆರೆದೊಡನೆ ಕಿರುಚುವ ಜಾಹೀರಾತುಗಳ ಕಾಟ ತಪ್ಪಿಸಲು, 2018ರ ಏಪ್ರಿಲ್‌ನಲ್ಲಿ ಕ್ರೋಮ್ ಬ್ರೌಸರ್ ಹೊಸ ನಿಯಮ ತಂದಿತು. ಸಾಮಾನ್ಯವಾಗಿ ಬಳಕೆದಾರರು ಪುಟದ ಮೇಲೆ ಒಮ್ಮೆ ಒತ್ತುವವರೆಗೂ ಧ್ವನಿ ಹೊರಡದು. ಅಲ್ಲಿ ಮೌನವೇ ಶಿಸ್ತು; ಅದನ್ನು ದೋಷವೆಂದು ತಿಳಿಯಬಾರದು.

ಮುಳ್ಳು ಹೇಳುವ ಸತ್ಯ

ನಮ್ಮ ಸ್ಟುಡಿಯೋದಲ್ಲಿ ಧ್ವನಿಯನ್ನು ಕಣ್ಣಿನಿಂದ ನೋಡುವ ಒಂದು ಸಾಧನವಿದೆ. 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವೂ ಎನ್‌ಬಿಸಿ, ಸಿಬಿಎಸ್ ಪ್ರಸಾರ ಸಂಸ್ಥೆಗಳೂ ಸೇರಿ ರೂಪಿಸಿದ ವಿಯು ಮೀಟರ್ ಅದು. ಮಾತು ಬಂದಾಗ ಮುಳ್ಳು ಏರುತ್ತದೆ, ನಿಂತಾಗ ಇಳಿಯುತ್ತದೆ. ಮುಳ್ಳು ಆಡುತ್ತಿದ್ದು ಕಿವಿಗೆ ಕೇಳಿಸದಿದ್ದರೆ ದೋಷ ಮೀಟರಿನ ಆಚೆಗಿದೆ, ಮುಳ್ಳೂ ಮಲಗಿದ್ದರೆ ಈಚೆಗಿದೆ. ಒಂದೇ ನೋಟದಲ್ಲಿ ಹುಡುಕಾಟದ ಅರ್ಧ ಹಾದಿ ಕಳೆಯುತ್ತದೆ.

ದರ್ಜಿಯವರ ಮನೆಯಲ್ಲಿ ನಾನು ಮರೆತದ್ದು ಇದನ್ನೇ. ಜಾಣತನ ತೋರಿಸಲು ಹೋಗಿ ಡ್ರೈವರನ್ನು ತೆಗೆದು ಮತ್ತೆ ಹಾಕಿದೆ, ಫಲ ಸಿಗಲಿಲ್ಲ. ಕಡೆಗೆ ವಿಂಡೋಸ್‌ನಲ್ಲಿ ಧ್ವನಿ ಸಾಧನಗಳ ಪಟ್ಟಿಯನ್ನು ತೆರೆದೆ. ಅಲ್ಲಿ ಒಂದೊಂದು ಸಾಧನದ ಮುಂದೆಯೂ ಏರಿಳಿಯುವ ಹಸಿರು ಪಟ್ಟಿ ಇರುತ್ತದೆ. ಪಾಠ ಹಚ್ಚಿದೆ. ಪಟ್ಟಿ ಕುಣಿಯಿತು, ಆದರೆ ಸ್ಪೀಕರಿನ ಮುಂದಲ್ಲ, ಮಾನಿಟರಿನ ಮುಂದೆ! ಹೊಸ ಮಾನಿಟರ್ ಜೋಡಿಸಿದ್ದ ಎಚ್‌ಡಿಎಂಐ ತಂತಿ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ಕಂಪ್ಯೂಟರು ಪಾಠವನ್ನೆಲ್ಲ ಸ್ಪೀಕರೇ ಇಲ್ಲದ ಆ ಮಾನಿಟರಿಗೆ ನಿಷ್ಠೆಯಿಂದ ಕಳುಹಿಸುತ್ತಿತ್ತು. ಪಟ್ಟಿಯಲ್ಲಿ ಸ್ಪೀಕರನ್ನು ಆರಿಸಿದ ಕ್ಷಣವೇ ಉಪನ್ಯಾಸಕರ ದನಿ ಕೋಣೆ ತುಂಬಿತು. ಮದರ್‌ಬೋರ್ಡಿನ ಖರ್ಚು ಉಳಿಯಿತು. ಕಳೆದ ಹನ್ನೆರಡು ದಿನದ ಪಾಠವನ್ನು ಮಾತ್ರ ಆ ಹುಡುಗಿ ಗೆಳತಿಯರ ನೋಟ್ಸ್ ನೋಡಿ ಕೂಡಿಸಿಕೊಳ್ಳಬೇಕಾಯಿತು.

ಆದುದರಿಂದ ಮಿತ್ರರೆ, ಮುಂದೊಮ್ಮೆ ಧ್ವನಿ ನಿಂತಾಗ ಗಾಬರಿಯಾಗಬೇಡಿ. ಮೊದಲು ಕಂಪ್ಯೂಟರಿನಲ್ಲೇ ಇರುವ ಯಾವುದಾದರೂ ಹಾಡನ್ನು ನುಡಿಸಿ ನೋಡಿ. ಅದು ಕೇಳಿಸಿದರೆ ದೋಷ ಬ್ರೌಸರ್ ಅಥವಾ ಜಾಲದ ಕಡೆಗಿದೆ: ಪುಟದಲ್ಲಿ ಧ್ವನಿ ಮುಚ್ಚಿದೆಯೇ, ಮಿಕ್ಸರಿನಲ್ಲಿ ಬ್ರೌಸರಿನ ವಾಲ್ಯೂಮ್ ಇಳಿದಿದೆಯೇ, ಬೇರೆ ಬ್ರೌಸರಿನಲ್ಲಿ ಕೇಳಿಸುತ್ತದೆಯೇ ಎಂದು ನೋಡಿ. ಹಾಡೂ ಕೇಳಿಸದಿದ್ದರೆ ಹಸಿರು ಪಟ್ಟಿ ಯಾವ ಸಾಧನದ ಮುಂದೆ ಆಡುತ್ತಿದೆ ಎಂದು ಗಮನಿಸಿ. ಪಕ್ಕದ ಕೋಣೆಯಲ್ಲಿ ಮರೆತ ಬ್ಲೂಟೂತ್ ಹೆಡ್‌ಫೋನಿಗೂ ಅದು ಹೋಗುತ್ತಿರಬಹುದು. ಪಟ್ಟಿ ಸ್ಪೀಕರಿನ ಮುಂದೆಯೇ ಆಡುತ್ತಿದ್ದರೆ ಸ್ಪೀಕರಿನ ಸ್ವಿಚ್ಚು, ತಂತಿ, ಹಸಿರು ತೂತು ಇವನ್ನು ಪರೀಕ್ಷಿಸಿ. ಎಲ್ಲಿಯೂ ಆಡದಿದ್ದರೆ ಆಗ ಡ್ರೈವರ್. ಹಣ ಖರ್ಚಾಗುವ ಕೊಂಡಿ ಯಾವಾಗಲೂ ಕಡೆಗಿರಲಿ.

ವಿಜ್ಞಾನದ ಪ್ರಯೋಗಶಾಲೆಯಲ್ಲಿ ನೀವು ಕಲಿಯುವುದೂ ಇದನ್ನೇ ಅಲ್ಲವೇ? ಒಮ್ಮೆಗೆ ಒಂದನ್ನೇ ಬದಲಿಸಬೇಕು, ಆದದ್ದನ್ನು ಗಮನಿಸಬೇಕು, ಆಮೇಲೆ ಮುಂದಿನದು. ನಿಮ್ಮ ನೆರೆಹೊರೆಯಲ್ಲಿಯೂ ಯಾರಾದರೂ ಮೂಕ ಪರದೆಯ ಮುಂದೆ ಕುಳಿತಿರಬಹುದು. ಅಂಗಡಿಗೆ ಹೊರಡುವ ಮುನ್ನ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು, ಆ ಹಸಿರು ಪಟ್ಟಿಯನ್ನು ಅವರಿಗೂ ತೋರಿಸಿಕೊಡಿ.