ಬಹಿಷ್ಕಾರದ ಮನೆ

ನಮ್ಮ ಬೆಳ್ಳಾರೆಯ ಹೆಸರು ಬಂದಾಗಲೆಲ್ಲ 1837ರ ರೈತ ದಂಗೆಯ, ಇಲ್ಲಿನ ಖಜಾನೆ ವಶವಾದ ಮಾತು ಬರುತ್ತದೆ. ಮಕ್ಕಳಿಗೆ ನಾನೂ ಅದನ್ನು ಹೇಳುತ್ತೇನೆ. ಜೊತೆಗೆ ಕೋವಿ ಹಿಡಿಯದೆ ಹೋರಾಡಿದ ಕುದ್ಮುಲ್ ರಂಗರಾಯರ ಕತೆಯನ್ನೂ ಹೇಳುತ್ತೇನೆ.

ರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ. ಆಗ ಅದೂ ನಮ್ಮ ಜಿಲ್ಲೆಯೇ. ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. ಬ್ರಹ್ಮಸಮಾಜದ ಒಡನಾಟವಿತ್ತು. ದಲಿತರ ಮಕ್ಕಳಿಗೆಂದೇ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅಕ್ಷರದ ಜೊತೆ ನೇಯ್ಗೆಯನ್ನೂ ಕಲಿಸಿದರು. ಆ ಮಕ್ಕಳಲ್ಲೊಬ್ಬ ಓದಿ ಅಧಿಕಾರಿಯಾಗಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆ.

ಜಾತಿಯವರು ಬಹಿಷ್ಕಾರ ಹಾಕಿದರು. ಚರಿತ್ರೆಯಲ್ಲಿ ಅದು ಒಂದು ಸಾಲು, ಅಷ್ಟೆ. ಆದರೆ ಆ ಕಾಲದಲ್ಲಿ ಬಹಿಷ್ಕಾರವೆಂದರೆ ಮನೆಯ ಹೆಂಗಸಿಗೆ ಅರಸಿನ ಕುಂಕುಮದ ಕರೆಯಿಲ್ಲ, ಬಾಣಂತನಕ್ಕೆ ನೆಂಟರಿಲ್ಲ, ಮಗಳಿಗೆ ಸ್ವಜಾತಿಯಲ್ಲಿ ಗಂಡಿಲ್ಲ. ಗಂಡಸು ಕೋರ್ಟಿಗಾದರೂ ಹೋಗಿ ಬರುತ್ತಾನೆ; ಅವಳು ಹೋಗುವುದೆಲ್ಲಿಗೆ? ರಾಯರ ಮಡದಿಯ ಬಗ್ಗೆ ಇನ್ನಷ್ಟು ಬರೆದಿಡಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುವುದುಂಟು.

ಆ ಮನೆಯ ಮಗಳು ರಾಧಾಬಾಯಿ ಓದಿದರು. ಜಾತಿ, ಭಾಷೆ ಎರಡನ್ನೂ ದಾಟಿ ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. 1938ರಲ್ಲಿ ಕೇಂದ್ರದ ಮೇಲ್ಮನೆಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಅದನ್ನು ಕಾಣಲು ತಂದೆ ಇರಲಿಲ್ಲ. ಸಂನ್ಯಾಸ ಸ್ವೀಕರಿಸಿದ್ದ ರಾಯರು 1928ರಲ್ಲಿ ತೀರಿಕೊಂಡರು. ತನ್ನ ಅಂತ್ಯಕ್ರಿಯೆ ದಲಿತರ ಕೈಯಿಂದಲೇ ಆಗಬೇಕೆಂದು ಮೊದಲೇ ಹೇಳಿಟ್ಟಿದ್ದರು.