ಅಲ್ಸರೇಟಿವ್ ಕೊಲೈಟಿಸ್: ರಂಧ್ರವೋ, ಛೇದವೋ? ಪುಣೆಯ ನೆಲೆಯಿಂದ ಒಂದು ಪರಿಶೀಲನೆ

ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಮೇಲೋ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಮೇಲೋ ಎಂಬ ಚರ್ಚೆ ಬಹುಮಟ್ಟಿಗೆ ಗಾಯದ ಉದ್ದ ಮತ್ತು ಆಸ್ಪತ್ರೆವಾಸದ ದಿನಗಳಲ್ಲೇ ಸಿಕ್ಕಿಕೊಂಡಿದೆ. ಕಟಿಕುಹರದೊಳಗೆ ಅಂಗಗಳನ್ನು ಒಂದಕ್ಕೊಂದು ಬೆಸೆಯುವ ಅಂಟು ಎಷ್ಟು ಉಳಿಯುತ್ತದೆ, ರೋಗಿ ಯಾವ ಸ್ಥಿತಿಯಲ್ಲಿ ಮೇಜಿಗೆ ಬರುತ್ತಾರೆ ಎಂಬ ಎರಡು ಪ್ರಶ್ನೆಗಳು ಅವಕ್ಕಿಂತ ಹೆಚ್ಚು ತೂಕದವು.

ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದು, ಸಣ್ಣ ಕರುಳಿನ ತುದಿಯಲ್ಲಿ ಚೀಲ ರಚಿಸಿ ಗುದದ್ವಾರಕ್ಕೆ ಜೋಡಿಸುವ ಕ್ರಮವನ್ನು ಲಂಡನ್ನಿನ ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಹೆಚ್ಚಿನವರಿಗೆ ಹೊಟ್ಟೆಯ ಮೇಲೆ ಮಲಕ್ಕೆ ಮಾಡುವ ದ್ವಾರ, ಅಂದರೆ ಶಾಶ್ವತ ಸ್ಟೋಮಾವೇ ಗತಿ. ಇದೇ ಕೆಲಸವನ್ನು ರಂಧ್ರಗಳ ಮೂಲಕ ಮಾಡಬಹುದೇ ಎಂದು ಆಮ್‌ಸ್ಟರ್‌ಡ್ಯಾಮಿನಲ್ಲಿ 60 ರೋಗಿಗಳ ಮೇಲೆ ಯಾದೃಚ್ಛಿಕ ಹಂಚಿಕೆಯ ಪರೀಕ್ಷೆ ನಡೆದು 2004ರಲ್ಲಿ ಫಲಿತಾಂಶ ಬಂತು: ಕೈನೆರವಿನ ಲ್ಯಾಪರೊಸ್ಕೋಪಿಗೆ 210 ನಿಮಿಷ, ತೆರೆದ ವಿಧಾನಕ್ಕೆ 133. ಮೂರು ತಿಂಗಳ ಜೀವನ ಗುಣಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2009ರ ಕಾಕ್ರೇನ್ ಪರಾಮರ್ಶೆ ಒಟ್ಟುಗೂಡಿಸಿದ 607 ರೋಗಿಗಳ ಅಧ್ಯಯನಗಳಲ್ಲೂ ಯಾದೃಚ್ಛಿಕ ಹಂಚಿಕೆಯದು ಒಂದೇ. 

ತಕ್ಕಡಿ ವಾಲುವುದು ಫಲವತ್ತತೆಯ ವಿಷಯದಲ್ಲಿ. ತೆರೆದ ಚೀಲ ಶಸ್ತ್ರಚಿಕಿತ್ಸೆಯ ಬಳಿಕ ಮಹಿಳೆಯರ ಬಂಜೆತನ ಸುಮಾರು ಶೇ. 15ರಿಂದ 48ಕ್ಕೆ ಏರುತ್ತದೆಂದು 2006ರ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. ಅಂಡನಾಳಗಳ ಸುತ್ತ ಬೆಳೆಯುವ ಅಂಟುಗಳೇ ಮುಖ್ಯ ಕಾರಣವೆಂಬ ಶಂಕೆ. ಲ್ಯಾಪರೊಸ್ಕೋಪಿಯ ನಂತರ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚೆಂದು ಮುಂದೆ ಯುರೋಪಿನ ಕೇಂದ್ರಗಳು ವರದಿ ಮಾಡಿದವು. ಅಧ್ಯಯನಗಳು ಚಿಕ್ಕವಾದರೂ, ಈ ಕಾಯಿಲೆ ಹೆಚ್ಚಾಗಿ ಹರೆಯದಲ್ಲೇ ಹಿಡಿಯುವುದರಿಂದ, ಇನ್ನೂ ಮಕ್ಕಳಾಗದ ಮಹಿಳೆಗೆ ನನ್ನ ಮಟ್ಟಿಗೆ ಲ್ಯಾಪರೊಸ್ಕೋಪಿ ಆರಿಸಲು ಇದೊಂದೇ ಕಾರಣ ಸಾಕು.

ಆದರೆ ಈ ಲಾಭ ಸಿಗುವುದು ಕಟಿಕುಹರದಲ್ಲಿ ಪಳಗಿದ ಕೈಗಳಿದ್ದಾಗ; ಪುಣೆಯ ಸಂದರ್ಭ ಇಲ್ಲಿಯೇ ಮುಖ್ಯವಾಗುವುದು. ಶಸ್ತ್ರವೈದ್ಯ ಟೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಮುಂಬೈಯಲ್ಲಿ ದೇಶದ ಮೊದಲ ಲ್ಯಾಪರೊಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದ್ದರು. ಮುಂದೆ ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯ ಶೈಲೇಶ್ ಪುಣತಾಂಬೇಕರ್ ತಂಡ ಅದೇ ವಿಧಾನದಲ್ಲಿ ಕಟಿಕುಹರಕ್ಕಿಳಿದು, ಗರ್ಭಕಂಠದ ಕ್ಯಾನ್ಸರಿಗೆ ಮಾಡಿದ 248 ಶಸ್ತ್ರಚಿಕಿತ್ಸೆಗಳನ್ನು 2007ರಲ್ಲಿ ‘ಪುಣೆ ತಂತ್ರ’ವೆಂದೇ ಪ್ರಕಟಿಸಿತು. ರೋಗ ಬೇರೆ, ಅಂಗ ಬೇರೆ. ಆದರೆ ಮೂತ್ರನಾಳವನ್ನು ಗುರುತಿಸಿ ಕಾಪಾಡುವ, ನರಗಳ ಪಕ್ಕದಲ್ಲೇ ಪದರ ಬಿಡಿಸುವ ಕೌಶಲ ಗುದನಾಳ ತೆಗೆಯುವಾಗಲೂ ಬೇಕು. ಆ ಪಳಗಿದ ಕೈ ಇಲ್ಲದವರು ರಂಧ್ರದ ಹಟ ಹಿಡಿಯುವುದಕ್ಕಿಂತ ಹೊಟ್ಟೆ ತೆರೆಯುವುದೇ ಲೇಸು.

ರೋಗಿ ಯಾವಾಗ, ಯಾವ ಸ್ಥಿತಿಯಲ್ಲಿ ಮೇಜಿಗೆ ಬರುತ್ತಾರೆಂಬ ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ನಮ್ಮಲ್ಲಿ ರಕ್ತಭೇದಿ ಎಂದರೆ ಮೊದಲು ಅಮೀಬಾಕ್ಕೆ ಮಾತ್ರೆ, ಕೆಲವೊಮ್ಮೆ ಕ್ಷಯದ ಔಷಧಿ, ಆಮೇಲೆ ಸ್ಟಿರಾಯ್ಡ್; ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ತೀವ್ರ ಉಲ್ಬಣದಲ್ಲಿ ಚಿಕಿತ್ಸೆಯ ಮೂರನೆಯ ದಿನವೂ ದಿನಕ್ಕೆ ಎಂಟಕ್ಕಿಂತ ಹೆಚ್ಚು ಬಾರಿ ಭೇದಿಯಿದ್ದರೆ, ಅಥವಾ ಮೂರರಿಂದ ಎಂಟು ಬಾರಿಯಾಗಿ ರಕ್ತದಲ್ಲಿನ ಉರಿಯೂತ ಸೂಚಕ ಸಿಆರ್‌ಪಿ 45 ದಾಟಿದ್ದರೆ, ನೂರರಲ್ಲಿ 85 ಜನರಿಗೆ ಕರುಳು ತೆಗೆಯಬೇಕಾಗುತ್ತದೆಂದು ಆಕ್ಸ್‌ಫರ್ಡ್‌ನ ತಂಡ 1996ರಲ್ಲೇ ಹೇಳಿತ್ತು. ಸ್ಟಿರಾಯ್ಡ್‌ನಿಂದ ಬಳಲಿದ, ರಕ್ತದ ಪ್ರೋಟೀನಾದ ಆಲ್ಬುಮಿನ್ ಕುಸಿದ ಮೈಗೆ ಮೊದಲ ಸಲವೇ ಚೀಲ ಕೂಡಿಸುವುದು ಅಪಾಯ. ಆಗ ಗುದನಾಳ ಬಿಟ್ಟು ದೊಡ್ಡ ಕರುಳನ್ನಷ್ಟೇ ತೆಗೆದು, ಚೀಲವನ್ನು ಎರಡನೆಯ ಹಂತಕ್ಕೆ, ಸ್ಟೋಮಾ ಮುಚ್ಚುವುದನ್ನು ಮೂರನೆಯದಕ್ಕೆ ಇಡುತ್ತಾರೆ.

ಇಂಥ ರೋಗಿಗಳಲ್ಲಿ ಲ್ಯಾಪರೊಸ್ಕೋಪಿಯ ನಿಜವಾದ ಲಾಭ ಈ ಮೊದಲ ಹಂತದಲ್ಲೇ ಎಂದು ನನಗನ್ನಿಸುತ್ತದೆ. ಬಿಡಿಸಿದ ಕರುಳನ್ನು ಬಲಗಡೆ ಕೆಳಹೊಟ್ಟೆಯಲ್ಲಿ ಸ್ಟೋಮಾಕ್ಕೆಂದು ಮಾಡಿದ ತೂತಿನಿಂದಲೇ ಹೊರಗೆಳೆಯಬಹುದು, ಬೇರೆ ಕೊಯ್ತ ಬೇಡ. ಅಂಟು ಕಡಿಮೆಯಾದಷ್ಟೂ ತಿಂಗಳುಗಳ ನಂತರ ಚೀಲ ಕಟ್ಟಲು ಬರುವವರ ದಾರಿ ಸಲೀಸು. ಆದರೆ ಹಿಗ್ಗಿ ಕಾಗದದಷ್ಟು ತೆಳುವಾದ ಕರುಳನ್ನು ಇಕ್ಕಳದಲ್ಲಿ ಹಿಡಿದರೆ ಹರಿದೀತು. ಕರುಳಲ್ಲೇ ರಂಧ್ರ ಬಿದ್ದಿದ್ದರೆ, ರಕ್ತಸ್ರಾವದಿಂದ ರೋಗಿ ಕುಸಿದಿದ್ದರೆ, ನೇರವಾಗಿ ಹೊಟ್ಟೆ ತೆರೆಯಬೇಕು.